ಒಂದು ಗೇಣು ಹೆಚ್ಚಿಗೆ

ಈದ್ ರಜೆಗೆ ಜಾವಾದ ಯೋಗ್ಯಕರ್ತಾಕ್ಕೆ ಹೋಗುತ್ತೇವೆ ಎಂದು ಬಾಯಿ ಬಿಟ್ಟದ್ದೇ ತಡ, ನಮ್ಮ ಕ್ಲಿನಿಕ್ಕಿನ ನರ್ಸ್ ನನ್ನನ್ನು ಲ್ಯಾಬಿನೊಳಕ್ಕೆ ಎಳೆದು ಬಾಗಿಲು ಹಾಕಿದಳು. ಅವಳ ಊರು ಅದೇ. ಹತ್ತು ವರ್ಷದ ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು ಕುವೈತಿಗೆ ಬಂದವಳು ಹನ್ನೊಂದು ವರ್ಷದಿಂದ ಇಲ್ಲೇ ಇದ್ದಾಳೆ. ನಾಲ್ಕು ವರ್ಷದ ಹಿಂದೆ ರಜೆಯಲ್ಲಿ ಹೋದಾಗ ಹುಡುಗಿ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಆಮೇಲೆ ಇವಳು ಹೋಗಿಯೇ ಇಲ್ಲ. ಈಗ ಆ ಹುಡುಗಿಗೆ ಮದುವೆ.

"ಬಾ ಅಂತಾನೂ ಹೇಳಿಲ್ಲ, ಬರಬೇಡ ಅಂತಾನೂ ಹೇಳಿಲ್ಲ," ಎಂದಳು. "ನಮ್ಮಲ್ಲಿ ಮದುವೆ ದಿನ ಹೆತ್ತವರು ಉಡೋ ಬಟ್ಟೆನೇ ಬೇರೆ. ಟ್ರುಂಟುಮ್ ಅಂತಾರೆ. ಕಪ್ಪು ನೆಲ, ಅದರ ಮೇಲೆ ಚುಕ್ಕಿ ಥರ ಸಣ್ಣ ಹೂವು. ಮಿಕ್ಕ ನೆಂಟರಿಗೆಲ್ಲ ಒಂದೇ ಬಣ್ಣದ ಥಾನಿಂದ ಕತ್ತರಿಸಿ ಕೊಡ್ತಾರೆ. ಮನೆಗೆ ಹೋಗು, ನನಗೆ ಅಂತ ಏನು ಕೊಡ್ತಾರೋ ಇಸ್ಕೊಂಡು ಬಾ. ಏನೂ ಕೇಳಬೇಡ. ಖಲಾಸ್."

ಏನೂ ಕೇಳಬೇಡ ಎಂದು ನನಗೆ ಹೇಳಿದಳು! "ನಿನ್ನ ಬಾಯಿಗೆ ಬೀಗ ಹಾಕಿದ್ರೆ ಆ ಬೀಗಾನೇ ಮಾತಾಡುತ್ತೆ," ಎಂದು ನನ್ನ ಗಂಡ ನಕ್ಕರು.

ಅವರು ಹೇಳಿದ್ದು ಸುಳ್ಳಲ್ಲ. ಯೋಗ್ಯಕರ್ತಾದ ಅರಮನೆಯಲ್ಲಿ ಬರಿಗಾಲಿನ ಮುದುಕ ಸೇವಕರು ಕಠಾರಿಯನ್ನು ಬೆನ್ನಿಗೆ ಸಿಕ್ಕಿಸಿಕೊಂಡು ಕೂತಿದ್ದರು. ಬೆನ್ನಿಗೇಕೆ ಎಂದು ಕೇಳಿದೆ. ಮುಂದೆ ಸಿಕ್ಕಿಸಿದರೆ ಜಗಳಕ್ಕೆ ಬಂದ ಹಾಗಂತೆ. ಮೇಣದ ಲೇಖನಿಯನ್ನು ಊದಿ ಊದಿ ಬಟ್ಟೆಯ ಮೇಲೆ ಬಳ್ಳಿ ಬರೆಯುತ್ತಿದ್ದ ಹೆಂಗಸಿನ ಪಕ್ಕ ಅರ್ಧ ಗಂಟೆ ಕುಕ್ಕರಗಾಲಲ್ಲಿ ಕೂತು, ಯಾವ ಚಿತ್ತಾರ ಯಾರಿಗೆ, ಯಾವುದನ್ನು ಅರಮನೆಯೊಳಗೆ ಉಡಕೂಡದು ಎಂದೆಲ್ಲ ಕೆದಕಿದೆ. ಗೈಡ್ ಸುಸ್ತಾದ. ನನಗೆ ಮಾತ್ರ ಇನ್ನೂ ಕೇಳುವುದಿತ್ತು.

ನರ್ಸ್ ಮನೆಯಲ್ಲಿ ಮೊದಲೇ ಎಡವಿದೆ. ಚಹಾ ಬಂದ ಕೂಡಲೇ ಎತ್ತಿ ಕುಡಿದುಬಿಟ್ಟೆ. ತಗೊಳ್ಳಿ ಎಂದು ಅವರು ಹೇಳುವವರೆಗೆ ಅಲ್ಲಿ ಅತಿಥಿ ಲೋಟ ಮುಟ್ಟುವುದಿಲ್ಲ. ಅಜ್ಜಿ ನಕ್ಕು ಮತ್ತೆ ತುಂಬಿಸಿದರು. ಅಷ್ಟರಲ್ಲಿ ಮದುವೆಯ ಹುಡುಗಿ ಗುಲಾಬಿ ಬಣ್ಣದ ಥಾನು ಹೊತ್ತು ಬಂದಳು, ಕೈಯಲ್ಲಿ ಕತ್ತರಿ. ಅದು ನೆಂಟರ ಬಟ್ಟೆ.

ಅಳತೆ ಹಾಕಿ ಕತ್ತರಿ ಇಡುವ ಮೊದಲು ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಇಂಗ್ಲಿಷಿನಲ್ಲಿ ಕೇಳಿದಳು: "ಅಮ್ಮ ಈಗ ನಿಮ್ಮಷ್ಟು ದಪ್ಪ ಇದ್ದಾಳಾ?"

ನನ್ನ ಮೈಯೆಲ್ಲ ಉರಿಯಿತು. "ನನಗಿಂತಲೂ ದಪ್ಪ," ಎಂದೆ. ಹುಡುಗಿ ಒಂದು ಗೇಣು ಮುಂದಕ್ಕೆ ಇಟ್ಟು ಕತ್ತರಿಸಿದಳು.

ಹೆತ್ತ ತಾಯಿಗೆ ನೆಂಟರ ಬಟ್ಟೆ, ಮನೆಗೆ ಬಂದವಳಿಗೆ ದಪ್ಪ ಎಂಬ ಬಿರುದು! ಆ ಸಿಟ್ಟಿನಲ್ಲೇ ಪೇಟೆಗೆ ಹೋಗಿ ಒಂದು ಟ್ರುಂಟುಮ್ ಕೊಂಡೆ. ಗುಲಾಬಿ ಬಟ್ಟೆ ಸೂಟ್‌ಕೇಸಿನ ತಳ ಸೇರಿತು. "ಇದು ಅಧಿಕಪ್ರಸಂಗ ಕಣೇ," ಎಂದರು ಗಂಡ. ನಾನು ಕೇಳಿಸಿಕೊಳ್ಳಲಿಲ್ಲ.

ಕುವೈತಿಗೆ ಮರಳಿದ ಮರುದಿನ, ಅದೇ ಲ್ಯಾಬಿನಲ್ಲಿ, ಆ ಕಪ್ಪು ಬಟ್ಟೆಯನ್ನು ಅವಳ ಕೈಗಿಟ್ಟೆ. ಅವಳ ಮುಖ ಅರಳಿತು. ಬಿಡಿಸಿದಳು. ಗಂಜಿಯ ಮಡಿಕೆಯ ಮೇಲೆ ಬೆರಳಾಡಿಸಿದಳು. ಅರಳಿದ ಮುಖ ಹಾಗೇ ಬಾಡಿತು.

"ನನ್ನ ಮದುವೇಲಿ ನಮ್ಮಮ್ಮ ಉಟ್ಟಿದ್ದು ಮನೇಲಿದೆ. ಕೊಡೋದಿದ್ರೆ ಅದನ್ನೇ ಕೊಡೋರು. ಇದು ಅಂಗಡೀದು." ಬಟ್ಟೆಯನ್ನು ಮಡಚಿ ನನ್ನ ಕೈಗೇ ವಾಪಸಿಟ್ಟಳು. "ಅವರು ಕೊಟ್ಟಿದ್ದೆಲ್ಲಿ?"

ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಟ್ಯಾಕ್ಸಿ ಹಿಡಿದು ರುಮೈಥಿಯಾದ ನಮ್ಮ ಮನೆಗೆ ಓಡಿ ಗುಲಾಬಿ ಬಟ್ಟೆ ತಂದೆ.

"ನೆಂಟರದು," ಎಂದಳು, ಅಷ್ಟೇ. ಮಡಚಲು ಹೋದವಳು ನಿಂತು, ಮೊಳ ಹಾಕಿ ಅಳೆದಳು. ಮತ್ತೊಮ್ಮೆ ಅಳೆದಳು. "ಎಲ್ಲರಿಗೂ ಒಂದೇ ಅಳತೆ ಕೊಡೋದು. ಇದು ಯಾಕೆ ಜಾಸ್ತಿ ಇದೆ? ಯಾರು ಕತ್ತರಿಸಿದ್ದು?"

"ನಿನ್ನ ಮಗಳೇ." ಆ ಪ್ರಶ್ನೆಯನ್ನು ಹೇಳಿದೆ, ನನ್ನ ಉತ್ತರವನ್ನೂ ಹೇಳಿದೆ. ಊರೆಲ್ಲ ಪ್ರಶ್ನೆ ಕೇಳಿಕೊಂಡು ಬಂದವಳು ನಾನು. ಆ ಹುಡುಗಿ ಕೇಳಿದ ಒಂದೇ ಒಂದು ಪ್ರಶ್ನೆ ಯಾಕಾಗಿ ಎಂದು ನನಗೆ ಹೊಳೆದೇ ಇರಲಿಲ್ಲ.

"ನನ್ನ ಮೈಗೆ ಸರಿಯಾಗಿ ಆಗ್ಲಿ ಅಂತ ಕೇಳಿದ್ದಾಳೆ," ಎಂದಳು ಅವಳು, ಬಟ್ಟೆಯನ್ನು ಎದೆಗೆ ಒತ್ತಿಕೊಂಡು. ನಗುತ್ತಲೇ ಅತ್ತಳು. ನಾನೂ ಅತ್ತೆ. ರಜೆಯ ಅರ್ಜಿಯನ್ನು ಅಂದೇ ಕೊಟ್ಟಳು.

ಶುಕ್ರವಾರ ಇಬ್ಬರೂ ದರ್ಜಿಯ ಹತ್ತಿರ ಹೋದೆವು. ಆ ಭಾಯಿ ಅವಳ ಅಳತೆ ತೆಗೆದು ಬಟ್ಟೆ ನೋಡಿದ. "ನಿಮಗೆ ಇಷ್ಟು ಬೇಕಾಗಿಲ್ಲ ಮೇಡಂ. ಮಿಕ್ಕಿದ್ದು ಕತ್ತರಿಸಿಬಿಡ್ಲಾ?"

"ಬೇಡ," ಎಂದಳು ಅವಳು. "ಒಳಗೆ ಮಡಚಿ ಹೊಲಿ."