ಅವ್ವ ಹೊಲಿಯದ ಕೊನೆಯ ಕಂತು

ಮಗಳು ಓದುತ್ತಿರುವ ಕಾದಂಬರಿ ಸರಣಿಯಲ್ಲಿ ಒಬ್ಬ ಹುಡುಗನಿಗಾಗಿ ಅಕ್ಕ-ತಂಗಿ ಕಿತ್ತಾಡುತ್ತಾರೆ. ಆ ಹೊಸ ಪುಟಗಳ ವಾಸನೆ ನನ್ನನ್ನು ಮಂಡಿಪೇಟೆಯ ನಮ್ಮ ಕಾಳಿನ ಅಂಗಡಿಗೆ ಎಳೆದೊಯ್ಯಿತು. ಆಗ ಅಲ್ಲಿಗೆ ಬರುತ್ತಿದ್ದ ವಾರಪತ್ರಿಕೆಯ ಧಾರಾವಾಹಿಯಲ್ಲೂ ಇದೇ ಕಥೆ. ನನ್ನಕ್ಕ ಹಿರಿಯವಳ ಪಕ್ಷ, ನಾನು ಕಿರಿಯವಳ ಪಕ್ಷ. ಜಡೆ ಹಿಡಿದೇ ಜಗಳ. ಅವ್ವ ಕಂತುಗಳನ್ನು ಕತ್ತರಿಸಿಟ್ಟು, ಚೀಲ ಹೊಲಿಯುವ ದಬ್ಬಣದಲ್ಲಿ ಪುಸ್ತಕ ಹೊಲಿದಳು. ಕೊನೆಯ ಕಂತು ಮಾತ್ರ ಇರಲಿಲ್ಲ.

“ಒಲೆಗೆ ಹಾಕ್ದೆ” ಎಂದಳು. “ಅಕ್ಕ-ತಂಗೀನ ಎದುರುಬದುರು ನಿಲ್ಸಿ ಆರಿಸೋನು ಯಾರಿಗೆ ಸಿಕ್ರೆ ಏನೈತೆ? ನನ್ನ ಮಕ್ಳಾಗಿ ನೀವು ಅಂಥೋನ ಸಲುವಾಗಿ ಬಡಿದಾಡಬ್ಯಾಡ್ರಿ.”

ಪಕ್ಕದ ಮನೆಯವರ ಪತ್ರಿಕೆ ಕೇಳಿ ಓದಬಹುದಿತ್ತು. ಇಬ್ಬರೂ ಕೇಳಲಿಲ್ಲ. ಕಥೆಯ ಆ ಹುಡುಗ ಯಾರನ್ನು ಮದುವೆಯಾದನೋ ಇವತ್ತಿಗೂ ಗೊತ್ತಿಲ್ಲ. ಅದೇ ನಮ್ಮ ಹೆಮ್ಮೆ.

ಹರಿಹರದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಮಗಳ ಪುಸ್ತಕದ ಕಥೆ ಹೇಳಿದೆ.

“ಕೊನೇ ಭಾಗ ಬರೋ ಹೊತ್ತಿಗೆ ಒಲೆ ಹಚ್ಚಿಡು” ಎಂದಳು, ಥೇಟ್ ಅವ್ವನ ದನಿಯಲ್ಲಿ.