ಡೀಸೆಲ್ ಕೈ

ಟಿಲ್ಲರ್‌ನ ಬೆಲ್ಟು ಹರಿದದ್ದು ಹುಳ ನಾಲ್ಕನೇ ಜ್ವರದಿಂದ ಎದ್ದ ಮಾರನೆಯ ಬೆಳಿಗ್ಗೆ. ರೇಷ್ಮೆ ಸಾಕಿದವರಿಗೆ ಇಷ್ಟು ಹೇಳಿದರೆ ಸಾಕು, ಅಯ್ಯೋ ಅಂದುಬಿಡುತ್ತಾರೆ. ಉಳಿದವರಿಗೆ ಹೇಳಬೇಕು: ನಾಲ್ಕನೇ ಸಲ ಪೊರೆ ಬಿಟ್ಟ ಹುಳ ಗೂಡು ಕಟ್ಟುವವರೆಗೂ ಬಕಾಸುರನ ಹಾಗೆ ತಿನ್ನುತ್ತದೆ. ಸೊಪ್ಪು ತಪ್ಪಿದರೆ ಬೆಳೆ ಹೋಯಿತು ಅಂತಲೇ ಲೆಕ್ಕ. ನಮ್ಮ ಸೊಪ್ಪಿನ ತೋಟ ಇರುವುದು ದೂರ, ಹುತ್ತೂರಿನ ಆಚೆ. ಅಲ್ಲಿಂದ ಸೊಪ್ಪು ತರಲು ಇದ್ದದ್ದು ಆ ಟಿಲ್ಲರ್ ಮತ್ತು ಅದರ ಹಿಂದಿನ ಟ್ರೇಲರ್. ಮಧ್ಯಾಹ್ನದ ಸೊಪ್ಪಿಗೆ ಹೊರಟು ಕ್ಲಚ್ ಬಿಟ್ಟೆ, ಫಟ್ ಅಂತು.

ನಮ್ಮ ಯಜಮಾನರು ಹೋಗಿ ಆಗ ಏಳು ತಿಂಗಳು. ಇಪ್ಪತ್ತು ವರ್ಷ ನಾವು ಕೆಲಸ ಹಂಚಿಕೊಂಡಿದ್ದೆವು, ಇಂಜಿನ್ ಅವರದು, ಹುಳ ನನ್ನದು. ಬೀಡಿ ಸೇದಿದ ಕೈ, ಡೀಸೆಲ್ ಮುಟ್ಟಿದ ಕೈ ಹುಳದ ಮನೆಗೆ ಹೋಗುವಂತಿಲ್ಲ. ವಾಸನೆ ಹಿಡಿದ ಸೊಪ್ಪು ತಿಂದರೆ ಹುಳ ವಾಂತಿ ಮಾಡಿಕೊಂಡು ಸಾಯುತ್ತವೆ. ಆದ್ದರಿಂದ ಎರಡು ಜೊತೆ ಕೈ ಬೇಕೇ ಬೇಕು. ಅವರ ತಿಥಿ ಮುಗಿದ ಮಾರನೇ ದಿನ ಪಕ್ಕದ ಮನೆಯಲ್ಲಿರುವ ನನ್ನ ಓರಗಿತ್ತಿ ಬಂದು ಹೇಳಿದ್ದೂ ಅದನ್ನೇ.

"ಹುಳ ಬಿಟ್ಬಿಡಿ ಅಕ್ಕಾ. ಒಬ್ರ ಕೈಲಾಗೋ ಕೆಲ್ಸ ಅಲ್ಲ ಇದು."

"ನಿನ್ ಕೆಲ್ಸ ನೀನ್ ನೋಡ್ಕೋ ಹೋಗೇ," ಅಂದಿದ್ದೆ. ನನ್ನ ಬಾಯಿಯೇ ಹಾಗೆ. ಅವತ್ತಿನಿಂದ ನಮ್ಮಿಬ್ಬರಿಗೆ ಮಾತಿಲ್ಲ. ಈ ಬೆಳೆ ಎತ್ತಿ ಅವಳಿಗೆ ತೋರಿಸಬೇಕು ಎಂಬ ಹಟ ನನಗೆ. ಟಿಲ್ಲರ್ ಓಡಿಸಿ ಬಂದು, ಸೋಪಿನಲ್ಲಿ ಕೈ ತೊಳೆದು ಹುಳದ ಮನೆಗೆ ಹೋಗುತ್ತಿದ್ದೆ, ಅಲ್ಲಿಯವರೆಗೆ ಹೇಗೋ ನಡೆದಿತ್ತು.

ನೋಡಿದರೆ ಮೂರು ಬೆಲ್ಟಿನಲ್ಲಿ ಒಂದು ಹರಿದಿತ್ತು. ಬೆಲ್ಟು ಕೂರುವ ಇಂಜಿನ್ ಪುಲ್ಲಿಯ ಅಂಚು ಮುರಿದು, ಅದೇ ಬೆಲ್ಟನ್ನು ಕೊಯ್ದಿತ್ತು. ಬಿಚ್ಚೋಣವೆಂದರೆ ಸ್ಪ್ಯಾನರ್ ಇಲ್ಲ. ಹೋಗುವ ಪುಣ್ಯಾತ್ಮ ಸ್ಪ್ಯಾನರ್ ಎಲ್ಲಿಟ್ಟಿದ್ದೀನಿ ಅಂತ ಒಂದು ಮಾತು ಹೇಳಿ ಹೋಗಬಾರದಿತ್ತೇ? ಅರ್ಧ ಗಂಟೆ ಬೈದುಕೊಂಡು ಹುಡುಕಿದೆ. ರಾಗಿ ಅಳೆಯುವ ಸೇರಿನೊಳಗೆ ಸಿಕ್ಕಿತು.

ಪುಲ್ಲಿಯ ಬೋಲ್ಟು ತಿರುಗಿಸಲು ಹೋದರೆ ಇಂಜಿನ್‌ನ ಚಕ್ರವೂ ಜೊತೆಗೇ ತಿರುಗುತ್ತದೆ. ಅದಕ್ಕೆ ಹಾರೆ ಒತ್ತಿ ಹಿಡಿಯುವುದು ಯಾವಾಗಲೂ ನನ್ನ ಪಾಲಿನ ಕೆಲಸವಾಗಿತ್ತು. ಈಗ ಹಾರೆಯನ್ನು ಕಾಲಲ್ಲಿ ಮೆಟ್ಟಿಕೊಂಡು, ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಸ್ಪ್ಯಾನರ್ ಎಳೆದೆ. ಬೋಲ್ಟು ಬಿಟ್ಟಾಗ ಹಿಂದಕ್ಕೆ ಬಿದ್ದು ಸೊಂಟ ಹಿಡಿದುಕೊಂಡಿತು. ಯಾರೂ ನೋಡಲಿಲ್ಲವಲ್ಲ ಅಂತ ಮೊದಲು ಸಮಾಧಾನವಾಯಿತು, ಆಮೇಲೆ ಅದೇ ಸಂಕಟವಾಯಿತು.

ಪುಲ್ಲಿ, ಬೆಲ್ಟು ಎರಡನ್ನೂ ತರಕಾರಿ ಚೀಲಕ್ಕೆ ಹಾಕಿಕೊಂಡು ಕೋಲಾರದ ಬಸ್ಸು ಹತ್ತಿದೆ. ಹೊಸ ಪುಲ್ಲಿಯ ಜೊತೆ ಒಂದೇ ಬೆಲ್ಟು ಕೇಳಿದ್ದಕ್ಕೆ ಅಂಗಡಿಯವನು ತಲೆ ಅಲ್ಲಾಡಿಸಿದ.

"ಒಕ್ಕಟಿ ಚಾಲದಮ್ಮಾ, ಒಂದು ಸಾಲ್ದು, ಮೂರೂ ಹಾಕ್ಬೇಕು. ಹಳೇವೆರಡು ಜಗ್ಗಿರ್ತವೆ. ಭಾರ ಎಲ್ಲಾ ಹೊಸದ್ರ ಮೇಲೇ ಬೀಳ್ತದೆ."

"ಅದೂ ಒಂದಿನ ನನ್ ಹಾಗೆ ಒಂಟಿಯಾಗಿ ಎಳೆದು ನೋಡ್ಲಿ," ಅಂದುಬಿಟ್ಟೆ. ಅವನು ಪಿಳಿಪಿಳಿ ನೋಡಿದ. ಆದರೂ ಮೂರನ್ನೂ ತಂದೆ.

ಮನೆಗೆ ಬಂದು ಪುಲ್ಲಿ ಕೂರಿಸಿ, ಬೆಲ್ಟು ಹಾಕಿ, ಇಂಜಿನ್ ಮುಂದಕ್ಕೆ ಜರುಗಿಸಿ ಬಿಗಿ ಮಾಡಿದೆ. ಅಲ್ಲಿಗೆ ಕೈ ನಿಂತಿತು. ಎಷ್ಟು ಬಿಗಿ? ಯಜಮಾನರು ಬೆಲ್ಟಿನ ಮೇಲೆ ಹೆಬ್ಬೆಟ್ಟು ಒತ್ತಿ, "ನೋಡೇ, ಸಾಕಾ?" ಅನ್ನುತ್ತಿದ್ದರು. ನಾನು ಬೇರೆಲ್ಲೋ ನೋಡುತ್ತಾ "ಸಾಕು" ಅನ್ನುತ್ತಿದ್ದೆ. ಒಂದು ದಿನವೂ ನೋಡಿರಲಿಲ್ಲ. ಈಗ ಹೆಬ್ಬೆಟ್ಟು ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಬೆರಳಿನ ದಪ್ಪದಷ್ಟು ತಗ್ಗಿದಾಗ ದೇವರ ಮೇಲೆ ಭಾರ ಹಾಕಿ ಬೋಲ್ಟು ಬಿಗಿದೆ. ಹ್ಯಾಂಡಲ್ ಹಾಕಿ ತಿರುಗಿಸಿದೆ, ಇಂಜಿನ್ ಸ್ಟಾರ್ಟ್ ಆಯಿತು. ಕ್ಲಚ್ ಬಿಟ್ಟರೆ ಟಿಲ್ಲರ್ ಮುಂದಕ್ಕೆ ಹೋಯಿತು. ಅಬ್ಬಾ! ಅಂಗಳದಲ್ಲಿ ಒಬ್ಬಳೇ ನಕ್ಕುಬಿಟ್ಟೆ.

ಆಮೇಲೆ ಕೈ ನೋಡಿಕೊಂಡೆ. ಉಗುರಿನ ಸಂದಿಯೆಲ್ಲ ಕಪ್ಪು. ಸೋಪು ಹಾಕಿದೆ, ಬೂದಿ ಹಾಕಿದೆ, ಹುಣಸೆಹಣ್ಣು ತಿಕ್ಕಿದೆ, ನಿಂಬೆ ತಿಕ್ಕಿದೆ. ಮೂಸಿದರೆ ಡೀಸೆಲ್ಲೇ. ಹುಳಗಳು ಬೆಳಗಿನ ಸೊಪ್ಪು ಮುಗಿಸಿ, ತಲೆ ಎತ್ತಿ ಆಡಿಸುತ್ತಿದ್ದದ್ದು ಕಿಟಕಿಯ ಜಾಲರಿಯಿಂದ ಕಾಣುತ್ತಿತ್ತು. ಇಂಜಿನ್ ಕೈಗೆ ಬಂತು, ಹುಳ ಕೈತಪ್ಪಿತು. ನನ್ನ ಹಟಕ್ಕೆ ಅವು ಯಾಕೆ ಸಾಯಬೇಕು? ಓರಗಿತ್ತಿಯ ಬಾಗಿಲಿಗೆ ಹೋಗಿ ನಿಂತು ಎರಡೂ ಕೈ ತೋರಿಸಿದೆ.

"ಹುಳ ಹಸ್ಕೊಂಡಿದಾವೆ ಕಣೇ. ನಂಗೆ ಮುಟ್ಟಕ್ಕಾಗಲ್ಲ. ಬರ್ತೀಯಾ?"

ಹಳೆಯದನ್ನೆಲ್ಲ ಎತ್ತಿ ಆಡುತ್ತಾಳೆ ಎಂದುಕೊಂಡಿದ್ದೆ. ಅವಳು ಕುಡುಗೋಲು ಎತ್ತಿಕೊಂಡು ಹೋಗಿ ಟ್ರೇಲರ್‌ನಲ್ಲಿ ಕೂತಳು. ತೋಟದಲ್ಲಿ ಅವಳು ಕೊಯ್ದಳು. ನಾನು ಟಿಲ್ಲರ್ ಹತ್ತಿರವೇ ನಿಂತಿದ್ದೆ. ಮನೆಗೆ ಬಂದ ಮೇಲೆ ಕಂತೆಗಳನ್ನು ಅವಳೇ ಹೊತ್ತು ಒಳಗೆ ಹೋದಳು. ನಾನು ಕಟ್ಟಿದ ಹುಳದ ಮನೆಯ ಹೊರಗೆ ನಾನು ಪರಕೀಯಳಂತೆ ನಿಂತೆ. ತಡೆಯಲಾಗಲಿಲ್ಲ.

"ತಿಂತಾ ಇದಾವೇನೇ?"

"ತಿಂತಾ ಇದಾವಕ್ಕಾ. ಚೆನ್ನಾಗೇ ತಿಂತಾ ಇದಾವೆ. ನೀವ್ ಹೋಗಿ ಊಟ ಮಾಡಿ."

ನಾನು ಊಟಕ್ಕೆ ಹೋಗಲಿಲ್ಲ. ಇಂಜಿನ್ ಬಿಚ್ಚಿದ ದಿನಗಳಲ್ಲೆಲ್ಲ ಯಜಮಾನರೂ ಈ ಬಾಗಿಲಾಚೆ ನಿಂತು ಅದೇ ಮಾತು ಕೇಳುತ್ತಿದ್ದರು. ಕೆಲಸದ ಹೊತ್ತಲ್ಲಿ ಇದೇನು ಪಿರಿಪಿರಿ ಅಂತ ನಾನು ಬಾಯಿ ಬಿಡುತ್ತಿರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೋಗಿಬಿಡುತ್ತಿದ್ದರು. ತಿಂತಾ ಇದಾವೆ ಅನ್ನುವುದಕ್ಕೆ ನನ್ನ ಗಂಟೇನು ಹೋಗುತ್ತಿತ್ತು?