ಅಕ್ಕನ ಎಡಗೈ, ಪಂಪ್‌ಹೌಸಿನ ಲೇತು

ನನಗೆ ಬೇಕಾಗಿದ್ದದ್ದು ಕಾರು, ಲೇತಲ್ಲ.

ಗುಜರಿ ಅಂಗಡಿಯೊಂದರಲ್ಲಿ ಪುಟ್ಟ ಕಾರಿನ ಅಸ್ಥಿಪಂಜರ ಸಿಕ್ಕಿತ್ತು. ಚಾಸಿ, ನಾಲ್ಕು ಚಕ್ರ, ಸ್ಟೀರಿಂಗು, ಗೇರ್‌ಬಾಕ್ಸು ಇದ್ದವು, ಎಂಜಿನ್ ಇರಲಿಲ್ಲ. ಕೆಲವು ತಿಂಗಳ ನಂತರ ಇನ್ನೊಂದು ಗುಜರಿಯಲ್ಲಿ ಸಾಮಾನು ಸಾಗಿಸುವ ಮೂರು ಚಕ್ರದ ಗಾಡಿಯ ಎಂಜಿನ್ ಸಿಕ್ಕಿತು. ಎರಡನ್ನೂ ನಮ್ಮ ಬಾವಿಯ ಪಕ್ಕದ ಪಂಪ್‌ಹೌಸಿನ ಮುಂದೆ ತಂದು ಜೋಡಿಸಲು ಹೋದಾಗ ಗೊತ್ತಾಯಿತು, ಇವೆರಡರ ಜಾತಕ ಕೂಡುವುದಿಲ್ಲವೆಂದು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಒಂದು ದಪ್ಪ ಕಬ್ಬಿಣದ ಬಳೆ ಬೇಕಿತ್ತು, ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಕಡೆದದ್ದು.

ಕಬ್ಬಿಣ ಕಡೆದುಕೊಡುವ ಪೀಣ್ಯದ ಲೇತ್ ಶಾಪುಗಳಲ್ಲಿ ಡ್ರಾಯಿಂಗ್ ಕೇಳಿದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಡ್ರಾಯಿಂಗ್ ಎಲ್ಲಿಂದ ಬರಬೇಕು? ಕೈಯಗಲಿಸಿ ಇಷ್ಟಪ್ಪ ಬೇಕು ಎಂದು ತೋರಿಸಿದೆ. ನಕ್ಕು ಕಳಿಸಿದರು. ಮೂರನೇ ಅಂಗಡಿಯಲ್ಲೂ ನಕ್ಕ ಮೇಲೆ ಸಿಟ್ಟು ಬಂದು, ಲೇತನ್ನೇ ಮಾಡಿಬಿಡುತ್ತೇನೆ ಎಂದು ಮನೆಯಲ್ಲಿ ಸಾರಿದೆ.

“ದೋಸೆ ತಿನ್ನಾಕೆ ಒಲೆ ಕಟ್ಟೋರ್ನ ನೋಡಿವ್ನಿ,” ಅಂದಳು ಅಕ್ಕ. “ಒಲೆ ಕಟ್ಟಾಕೆ ಇಟ್ಟಿಗೆ ಸುಡೋನ್ನ ಇವತ್ತೇ ಕಣ್ಲಾ ನೋಡಿದ್ದು.”

ಅವು ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾಗಸಂದ್ರದ ಆಚೆಗಿನ ನಮ್ಮ ಹೊಲಗಳು ಕೈಗಾರಿಕಾ ಪ್ರದೇಶಕ್ಕೆ ಹೋಗಿ, ಬಾವಿ, ಅದರ ಪಕ್ಕದ ತುಂಡು ನೆಲ ಮತ್ತು ಪಂಪ್‌ಹೌಸು ಮಾತ್ರ ಉಳಿದಿದ್ದವು. ನೀರು ಹಾಯಿಸಲು ಬೆಳೆ ಇಲ್ಲದಿದ್ದರೂ ಐದು ಹಾರ್ಸ್‌ಪವರಿನ ಮೋಟಾರೂ ಅದರ ಕರೆಂಟೂ ಹಾಗೇ ಇದ್ದವು. ಅಮ್ಮ ಎರಡು ಹಸು ಕಟ್ಟಿಕೊಂಡು ಹಾಲು ಮಾರುತ್ತಿದ್ದಳು. ಅಪ್ಪ ನಮ್ಮದೇ ಹೊಲದ ಮೇಲೆ ಎದ್ದ ಗೋದಾಮಿಗೆ ವಾಚ್‌ಮನ್ ಆಗಿದ್ದ. ಮೊದಲೂ ಇದನ್ನೇ ಕಾಯುತ್ತಿದ್ದೆ, ಈಗ ಸಂಬಳ ಕೊಡುತ್ತಾರೆ ಎಂದು ನಗುತ್ತಿದ್ದ.

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದಳು. ಅವಳದು ಎಡಗೈ. ಉಣ್ಣುವುದು, ಬಡಿಸುವುದು, ಬಾಗಿಲಿಗೆ ರಂಗೋಲಿ ಇಡುವುದು ಎಲ್ಲವನ್ನೂ ಅಮ್ಮ ಹೊಡೆದು ಬಡಿದು ಬಲಗೈಗೆ ತಂದಿದ್ದಳು. ಆದರೆ ಊದುಬತ್ತಿ ಮಾತ್ರ ಬಲಗೈಯಲ್ಲಿ ಹೊಸೆದರೆ ಒಂದು ದಪ್ಪ ಒಂದು ಸಣ್ಣ ಆಗುತ್ತಿತ್ತು. ದೇವರಿಗೆ ಹಚ್ಚುವ ಕಡ್ಡಿಯನ್ನು ಎಡಗೈಯಲ್ಲಿ ಮುಟ್ಟಬಾರದೆಂದು ಅಮ್ಮ ಬೈಯುತ್ತಿದ್ದರಿಂದ ಅಕ್ಕ ಮಣೆ, ಹಿಟ್ಟು, ಕಡ್ಡಿಗಳ ಕಟ್ಟು ಎತ್ತಿಕೊಂಡು ಪಂಪ್‌ಹೌಸಿಗೆ ಬಂದು ಕೂರುತ್ತಿದ್ದಳು. ಹಾಗಾಗಿ ನನ್ನ ಲೇತು ಹುಟ್ಟುವುದನ್ನು ಮೊದಲ ದಿನದಿಂದ ಕಂಡವಳು ಅವಳೊಬ್ಬಳೇ.

ಎರಡು ವರ್ಷ ಗುಜರಿ ಅಂಗಡಿಗಳಿಗೆ ದೇವಸ್ಥಾನಕ್ಕೆ ಹೋದ ಹಾಗೆ ಹೋದೆ. ಲಾರಿಯ ಚಕ್ರದ ನಡುವಿನ ಹಬ್ಬು ಬೇರಿಂಗ್ ಸಮೇತ ಸಿಕ್ಕಿತು, ಅದು ಲೇತಿನ ತಲೆಯಾಯಿತು. ಲಾರಿ ಜಾಕಿಯ ಸ್ಕ್ರೂ ಉಳಿ ಹಿಡಿಯುವ ಗಾಡಿಯನ್ನು ತಳ್ಳುವ ತಿರುಪಾಯಿತು. ಕಡೆಯುವ ತುಂಡನ್ನು ಕಚ್ಚಿ ಹಿಡಿಯುವ ಚಕ್‌ಗೆ ಮೂರು ಹಲ್ಲಿನಲ್ಲಿ ಒಂದಿರಲಿಲ್ಲ. ಅದನ್ನು ಅರ ಹಾಕಿ ಉಜ್ಜಿ ಉಜ್ಜಿ ನಾನೇ ಮಾಡಿದೆ. ಇಡೀ ಲೇತಿಗೆ ಅಡಿಪಾಯವಾದ ಹಾಸು, ನಾವು ಬೆಡ್ ಅನ್ನುವುದು, ಯಾವುದೋ ಒಡೆದ ಮಷೀನಿನದು. ಐದಡಿ ಉದ್ದದ ಬೀಡು ಕಬ್ಬಿಣ, ಮಳೆಯಲ್ಲಿ ಬಿದ್ದು ತುಕ್ಕು ತಿಂದಿತ್ತು. ಅದನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದಾಗ ತುಮಕೂರು ರಸ್ತೆಯ ಲಾರಿಯವರು ತಲೆ ಹೊರಗೆ ಹಾಕಿ ನೋಡಿದರು.

ಮೊದಲ ಸಲ ಮೋಟಾರು ಹಾಕಿದ ದಿನ ನೆನೆದರೆ ಈಗಲೂ ನಗು ಬರುತ್ತದೆ. ಬಾವಿಯ ನೀರೆತ್ತುವ ಮೋಟಾರಿಗೆ ನಮ್ಮ ಬಡಕಲು ಲೇತು ಯಾವ ಲೆಕ್ಕ? ಗಿರಣಿಯಿಂದ ತಂದ ಹಳೆಯ ಬೆಲ್ಟು ಒಮ್ಮೆ ಕಿರುಚಿ, ಹಾವಿನ ಹಾಗೆ ಎದ್ದು, ಬಾಗಿಲಿಂದ ಹಾರಿ ಬಾವಿಗೆ ಬಿತ್ತು. ಅಕ್ಕ ಮನೆಗೆ ಹೋಗಿ, ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿ ತಂದು, ಬೆಲ್ಟನ್ನು ಮೇಲೆತ್ತಿಕೊಟ್ಟಳು. ಜೊತೆಗೆ ಹಿಂದಿನ ವರ್ಷ ಕಳೆದುಹೋಗಿದ್ದ ನಮ್ಮ ತಾಮ್ರದ ಚೊಂಬೂ ಬಂತು.

ಆದರೆ ಬೆಡ್ಡು ಮಟ್ಟಸವಾಗಿರಲಿಲ್ಲ. ಅದು ಮಟ್ಟಸವಿಲ್ಲದೆ ಲೇತು ಕಡೆದದ್ದೆಲ್ಲ ಸೊಟ್ಟವೇ. ಹಿಂದೆ ಒಂದು ವರ್ಕ್‌ಶಾಪಿನಲ್ಲಿ ಕಸ ಗುಡಿಸುತ್ತಿದ್ದಾಗ ಅದನ್ನು ಸರಿಮಾಡುವ ಬಗೆ ನೋಡಿದ್ದೆ. ಒಂದು ಸಪಾಟು ಪ್ಲೇಟಿಗೆ ತೆಳ್ಳಗೆ ಬಣ್ಣ ಸವರಿ ಬೆಡ್ಡಿನ ಮೇಲೆ ಉಜ್ಜಬೇಕು. ಎಲ್ಲಿ ಉಬ್ಬಿದೆಯೋ ಅಲ್ಲಿ ಬಣ್ಣ ಹತ್ತುತ್ತದೆ. ಹತ್ತಿದ ಕಡೆ ಮಾತ್ರ ಸ್ಕ್ರೇಪರಿನಿಂದ ಹೆರೆದು ತೆಗೆಯಬೇಕು. ಮತ್ತೆ ಬಣ್ಣ, ಮತ್ತೆ ಉಜ್ಜು, ಮತ್ತೆ ಹೆರೆ. ಇಡೀ ಮೈಯಲ್ಲಿ ಚುಕ್ಕೆಗಳು ಒತ್ತೊತ್ತಾಗಿ ಒಂದೇ ಸಮ ಮೂಡುವವರೆಗೂ ಇದೇ ಕೆಲಸ. ನಮ್ಮ ಹತ್ತಿರ ಸಪಾಟು ಪ್ಲೇಟು ಇರಲಿಲ್ಲ. ಕ್ಷೌರದಂಗಡಿಯವರು ಒಡೆದ ದಪ್ಪ ಕನ್ನಡಿಯ ಅರ್ಧವನ್ನು ಕೊಟ್ಟರು. ಬಣ್ಣಕ್ಕೆ ಬಟ್ಟೆಗೆ ಹಾಕುವ ನೀಲಿಯನ್ನೇ ಹರಳೆಣ್ಣೆಯಲ್ಲಿ ಕಲಸಿದೆ. ಹಳೆಯ ಅರವನ್ನು ಸಾಣೆ ಹಿಡಿದರೆ ಸ್ಕ್ರೇಪರ್ ಆಯಿತು.

ನಾಲ್ಕು ದಿನ ಹೆರೆದೆ. ಗುಂಡಿಗಳು ಬಿದ್ದವು. ಐದನೇ ದಿನ ಅಕ್ಕ ಊದುಬತ್ತಿಯ ಮಣೆ ಬಿಟ್ಟು ಎದ್ದುಬಂದು, ಕಣ್ಣು ಮುಚ್ಚಿ ಬೆಡ್ಡಿನ ಮೇಲೆ ಬೆರಳು ಆಡಿಸಿದಳು. ಕನ್ನಡಿ ಇಡುವ ಮೊದಲೇ ಇಲ್ಲಿ ಉಬ್ಬು, ಇಲ್ಲಿ ಉಬ್ಬು ಎಂದು ತೋರಿಸಿದಳು. ಕನ್ನಡಿ ಇಟ್ಟು ಉಜ್ಜಿದರೆ ನೀಲಿ ಅಲ್ಲೇ ಹತ್ತಿತ್ತು. ದಿನಕ್ಕೆ ಸಾವಿರಾರು ಕಡ್ಡಿ ಹೊಸೆದ ಬೆರಳು ಅದು, ಕಡ್ಡಿ ಎಳೆಯಷ್ಟು ದಪ್ಪವಾದರೂ ಅದಕ್ಕೆ ತಿಳಿಯುತ್ತಿತ್ತು. ಅಂದಿನಿಂದ ಸ್ಕ್ರೇಪರ್ ಅವಳದಾಯಿತು, ಸಾಣೆ ಹಿಡಿಯುವುದು, ನೀಲಿ ಕಲಸುವುದು ನನ್ನದು. ಐದು ತಿಂಗಳು ಹಿಡಿಯಿತು. ಮುಗಿದಾಗ ಬೆಡ್ಡಿನ ಮೇಲೆ ಮೀನಿನ ಹುರುಪೆಯಂಥ ಸಣ್ಣ ಗೆರೆಗಳು ಬೆಳಕಿಗೆ ಮಿನುಗುತ್ತಿದ್ದವು, ಎಲ್ಲವೂ ಒಂದೇ ಕಡೆಗೆ ವಾಲಿಕೊಂಡು. ಇಬ್ಬರೂ ಹುಚ್ಚರ ಹಾಗೆ ಅದನ್ನು ಸವರುತ್ತ ನಿಂತೆವು. ಮೊದಲು ಕಡೆದದ್ದು ಅಮ್ಮನ ಲಟ್ಟಣಿಗೆ, ಆಮೇಲೆ ಕಾರಿನ ಬಳೆ.

ಒಂದು ಕಾರ್ಖಾನೆಯ ಟೂಲ್‌ರೂಮಿನ ಫೋರ್‌ಮನ್ ಒಬ್ಬರು ಪ್ರತಿದಿನ ಕ್ಯಾನು ಹಿಡಿದು ನಮ್ಮ ಮನೆಗೆ ಹಾಲಿಗೆ ಬರುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಲೇತಿನ ಸದ್ದು ಕೇಳಿ ಪಂಪ್‌ಹೌಸಿಗೇ ಬಂದುಬಿಟ್ಟರು. ಲಾರಿ ಹಬ್ಬು ನೋಡಿ ನಕ್ಕರು, ಜಾಕಿ ನೋಡಿ ಇನ್ನೂ ನಕ್ಕರು. ಬೆಡ್ಡಿನ ಮೇಲೆ ಬೆರಳಿಟ್ಟಾಗ ನಗು ನಿಂತಿತು. ಕನ್ನಡಕ ತೆಗೆದು ಒರೆಸಿ, ಬಗ್ಗಿ, ಬೆಳಕಿಗೆ ಓರೆಯಾಗಿ ನೋಡಿದರು.

“ಇದನ್ನ ಸ್ಕ್ರೇಪ್ ಮಾಡಿದ್ದು ಯಾರಪ್ಪ? ನನ್ನ ಟೂಲ್‌ರೂಮಿಗೆ ಇಂಥ ಕೈ ಬೇಕು. ಓದು ಇಲ್ದಿದ್ರೂ ಪರವಾಗಿಲ್ಲ, ಹೆಂಗಸಾದ್ರೂ ಪರವಾಗಿಲ್ಲ. ಈಗ ಹೆಣ್ಣುಮಕ್ಕಳನ್ನೂ ತಗೋತಿದ್ದಾರೆ.”

ಅಕ್ಕ ಅವರಿಗೆ ಮಜ್ಜಿಗೆ ತಂದು ಬಾಗಿಲಲ್ಲಿ ನಿಂತಿದ್ದಳು. ಆ ಕಾರ್ಖಾನೆಯ ಬಸ್ಸು ಅವಳಿಗೆ ಚೆನ್ನಾಗಿ ಗೊತ್ತು. ಊದುಬತ್ತಿಯ ಕಟ್ಟು ಕೊಡಲು ಹೋಗುವಾಗ ನೀಲಿ ಕೋಟು ತೊಟ್ಟ ಹೆಂಗಸರು ಆ ಬಸ್ಸು ಹತ್ತುವುದನ್ನು ನಿಂತು ನೋಡುತ್ತಿದ್ದಳು. ಅವರಿಗೆ ಕ್ಯಾಂಟೀನಲ್ಲಿ ಊಟವಂತೆ, ಬಿಸಿ ಸಾಂಬಾರಂತೆ ಎಂದು ಬಂದು ಹೇಳುತ್ತಿದ್ದಳು. ಇದೆಲ್ಲ ನನಗೆ ತಿಳಿದಿತ್ತು. ತಿಳಿದೂ ನಾನು ಅಂದೆ:

“ನಾನೇ ಸಾರ್.”

ಅಕ್ಕ ಮಜ್ಜಿಗೆಯ ಲೋಟವನ್ನು ಮೋಟಾರಿನ ಮೇಲಿಟ್ಟು ಮನೆಗೆ ಹೋದಳು.

ಫೋರ್‌ಮನ್ ನನ್ನನ್ನು ಕಾರ್ಖಾನೆಗೆ ಪರೀಕ್ಷೆಗೆ ಕರೆದು, ಅಂಗೈಯಗಲದ ಬೀಡಿನ ಪ್ಲೇಟು ಕೊಟ್ಟು, ಪಕ್ಕದಲ್ಲೇ ನಿಂತರು. ನಾನು ಬಲಗೈಯಲ್ಲಿ ಹೆರೆದೆ. ಮತ್ತೆ ಗುಂಡಿ. ಅವರು ನನ್ನ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ಹೆದರಿಕೆ ಇರಬೇಕು, ಮನೆಗೆ ತಗೊಂಡುಹೋಗಿ ನಿಧಾನವಾಗಿ ಮಾಡಿಕೊಂಡು ಬಾ ಎಂದರು. ಮನೆಗೆ ತಂದು ಅಕ್ಕನ ಮುಂದಿಟ್ಟೆ. ಅವಳು ಮಣೆ ಸರಿಸಿ ಸ್ಕ್ರೇಪರ್ ಕೈಗೆತ್ತಿಕೊಂಡಳು. ಎರಡು ಮಧ್ಯಾಹ್ನದಲ್ಲಿ ಪ್ಲೇಟು ಮೀನಿನ ಮೈಯಾಯಿತು.

ಫೋರ್‌ಮನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದರು: “ಗೆರೆ ಎಲ್ಲ ಎಡಗೈಯೋರದ್ದು. ನಿಮ್ಮ ಬೆಡ್ಡಿನದೂ ಹಾಗೇ ಇತ್ತು. ನಿಮ್ಮನೇಲಿ ಎಡಗೈಯೋರು ಯಾರಿದ್ದಾರೆ?”

ಆ ಒಂದು ಪ್ರಶ್ನೆಗೆ ನಿಜ ಹೇಳಿದ್ದರೆ ಸಾಕಿತ್ತು. “ಯಾರೂ ಇಲ್ಲ ಸಾರ್,” ಅಂದೆ. “ನಂಗೆ ಎರಡು ಕೈನೂ ಬರುತ್ತೆ.”

“ಹೌದಾ? ಹಾಗಾದ್ರೆ ಇಲ್ಲಿ ಎಡಗೈಲೇ ಮಾಡು.”

ಕೆಲಸ ಸಿಕ್ಕಿತು, ಜೊತೆಗೆ ಶಿಕ್ಷೆಯೂ. ವಿಷಯ ಕೇಳಿ ಅಕ್ಕ ಬಾವಿಯ ಕಟ್ಟೆ ಹಿಡಿದುಕೊಂಡು ನಕ್ಕಳು. ಕೂತು ನಕ್ಕಳು, ಎದ್ದು ನಕ್ಕಳು. ಆಮೇಲೆ ನನ್ನನ್ನು ಶಿಷ್ಯನಾಗಿ ಇಟ್ಟುಕೊಂಡಳು. ಪ್ರತಿ ಸಂಜೆ ಪಂಪ್‌ಹೌಸಿನಲ್ಲಿ ಪಾಠ. ಬಲಗೈಯನ್ನು ಟವಲಿನಿಂದ ಸೊಂಟಕ್ಕೆ ಕಟ್ಟಿ, ಎಡಗೈಯಲ್ಲಿ ಹೆರೆಸುತ್ತಿದ್ದಳು. ಮರೆತು ಬಲಗೈ ಎಳೆದರೆ, ಚಿಕ್ಕಂದಿನಲ್ಲಿ ಅಮ್ಮ ಅವಳ ಗೆಣ್ಣಿಗೆ ಬಾರಿಸಿದ ಹಾಗೇ ಊದುಕಡ್ಡಿಯಿಂದ ನನ್ನ ಗೆಣ್ಣಿಗೆ ಬಾರಿಸುತ್ತಿದ್ದಳು. “ಅವ್ವ ನಂಗೆ ಕಲಿಸಿದ್ದು ಇಂಗೇ ಕಣ್ಲಾ,” ಅನ್ನುತ್ತಿದ್ದಳು. ಆ ಸಂಜೆಗಳಷ್ಟು ನಗು ನಮ್ಮ ಮನೆಯಲ್ಲಿ ಇನ್ಯಾವಾಗಲೂ ಇರಲಿಲ್ಲ. ಅವಳು ನನ್ನನ್ನು ಕ್ಷಮಿಸಿದ್ದಾಳೆ ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಸುಲಭವಾಗಿತ್ತು.

ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷಕ್ಕೆ ಕಾರು ಓಡಿತು. ಪೀಪಾಯಿಯ ತಗಡಿನ ಮೈ, ಬಸ್ಸಿನ ಸೀಟು, ಮಷೀನಿಗೆ ಬಳಿದು ಮಿಕ್ಕಿದ ಹಸಿರು ಬಣ್ಣ. ಸದ್ದು ಮಾತ್ರ ಹಿಟ್ಟಿನ ಗಿರಣಿಯದು. ಅಕ್ಕ ಓಡಿಸಲು ನನಗಿಂತ ಬೇಗ ಕಲಿತಳು. ಆಗ ನಮ್ಮ ಕಡೆ ರಸ್ತೆಗಳು ಬಂದಿದ್ದವು, ಹೆಚ್ಚಿನ ಕಾರ್ಖಾನೆಗಳು ಇನ್ನೂ ಬರಬೇಕಿತ್ತು. ನಮ್ಮ ರಾಗಿ ಹೊಲದ ಮೇಲೆ ಹಾದಿದ್ದ ಕೆಂಪು ರಸ್ತೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಧೂಳೆಬ್ಬಿಸಿಕೊಂಡು ಹೋಗುತ್ತಿದ್ದಳು. ಹಸು ಮೇಯಿಸುವವರು ಓಡಿ ಬಂದು ನೋಡುತ್ತಿದ್ದರು.

ಒಂದು ಮಧ್ಯಾಹ್ನ, ನನಗೆ ರಜೆಯಿದ್ದ ದಿನ, ನಮ್ಮ ಕಾರ್ಖಾನೆಯ ಗೇಟಿನ ಮುಂದೆಯೇ ಎಂಜಿನ್ ನಿಂತುಹೋಯಿತು. ಮೊದಲ ಪಾಳಿ ಬಿಡುವ ಹೊತ್ತು. ಜನ ಸುತ್ತಿಕೊಂಡರು, ಅವರ ನಡುವೆ ಫೋರ್‌ಮನ್ನೂ ಬಂದರು. ಬಾನೆಟ್ ಎತ್ತಿ, ನಮ್ಮ ಕಬ್ಬಿಣದ ಬಳೆ ನೋಡಿ ಮೆಚ್ಚಿದರು. ಅಕ್ಕ ಇಳಿದು ಬಂದು ಪೆಟ್ರೋಲ್ ಪೈಪಿನ ನಟ್ಟು ಬಿಗಿಯತೊಡಗಿದಳು, ಎಡಗೈಯಲ್ಲಿ. ಅವರು ಅವಳ ಕೈ ನೋಡಿದರು, ನನ್ನ ಮುಖ ನೋಡಿದರು.

“ಆ ಲೇತ್ ಬೆಡ್ಡು ನೀನು ಮಾಡಿದ್ದಾ ತಾಯಿ?”

ಅಕ್ಕ ಸ್ಪ್ಯಾನರ್ ಬಿಡದೆ ಹೇಳಿದಳು: “ಅವ್ನನ್ನೇ ಕೇಳಿ ಸಾರ್.”

ಅಕ್ಕನೇ ಸಾರ್, ಪ್ಲೇಟೂ ಅಕ್ಕನದೇ ಎಂದೆ. ಜೊತೆಯ ಕೆಲಸಗಾರರೆಲ್ಲ ಕೇಳಿಸಿಕೊಂಡರು. ಫೋರ್‌ಮನ್ ಅಕ್ಕನ ಕಡೆ ತಿರುಗಿದರು. ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದು ನಿಂತು ಎರಡು ವರ್ಷವಾಯಿತು, ಈಗ ನನ್ನ ಕೈಯಲ್ಲಿಲ್ಲ ಎಂದು ಅಕ್ಕನಿಗೇ ಹೇಳಿದರು, ನನಗಲ್ಲ.

“ಓಗ್ಲಿ ಬಿಡಿ ಸಾರ್,” ಅಂದಳು ಅಕ್ಕ. ಹೋಗಿ ಸ್ಟೀರಿಂಗ್ ಹಿಡಿದು ಕೂತಳು. “ಒಸಿ ತಳ್ತೀರಾ?”

ಫೋರ್‌ಮನ್ ಒಂದು ಕಡೆ, ನಾನು ಒಂದು ಕಡೆ ನಿಂತು ತಳ್ಳಿದೆವು. ಎಂಜಿನ್ ಹೊತ್ತಿಕೊಂಡಿತು. ಅಕ್ಕ ನಿಲ್ಲಿಸಲಿಲ್ಲ. ಎಡಗೈ ಹೊರಗೆ ಹಾಕಿ ಒಮ್ಮೆ ಬೀಸಿ, ನಮ್ಮಿಬ್ಬರನ್ನೂ ಧೂಳಿನಲ್ಲಿ ಬಿಟ್ಟು ಹೊರಟುಹೋದಳು. ಗೇಟಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಫೋರ್‌ಮನ್ ಅಂಗಿ ಕೊಡವಿಕೊಂಡು, “ನಾಳೆಯಿಂದ ಬಲಗೈಲೇ ಮಾಡು,” ಅಂದರು.

ಮರುದಿನ ಸ್ಕ್ರೇಪರ್ ಬಲಗೈಯಲ್ಲಿ ಹಿಡಿದೆ. ಆ ಕೈಗೆ ಏನೂ ಬರುತ್ತಿರಲಿಲ್ಲ. ಅವರು ಪ್ಲೇಟು ನೋಡಿ, ಬೇಡ ಬಿಡು, ಅವಳ ಕೈಯನ್ನೇ ಇಟ್ಟುಕೋ ಎಂದು ಮುಂದೆ ನಡೆದರು. ಕೆಲಸದಿಂದ ನಿವೃತ್ತನಾಗುವವರೆಗೂ ಎಡಗೈಯಲ್ಲೇ ಹೆರೆದೆ.

ಅಕ್ಕನಿಗೆ ಅವರು ಜಾಬ್‌ವರ್ಕ್ ಕೊಡಿಸಿದರು. ಕಾರ್ಖಾನೆಯ ಪ್ಲೇಟುಗಳನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿ ಪಂಪ್‌ಹೌಸಿಗೆ ತರುವುದು, ಮುಗಿದದ್ದನ್ನು ಒಯ್ಯುವುದು ನನ್ನ ಪಾಲಿಗೆ ಬಂತು. ಪ್ರತಿ ಪ್ಲೇಟಿನ ಚೀಟಿಯ ಮೇಲೂ ಅವಳ ಹೆಸರೇ ಬರೆದೆ. ಮದುವೆಯಾಗಿ ಚಂದಾಪುರಕ್ಕೆ ಹೋಗುವವರೆಗೂ ಅವಳು ಆ ಕೆಲಸ ಮಾಡಿದಳು, ಹಾಡಿಕೊಂಡು, ನನ್ನನ್ನು ರೇಗಿಸಿಕೊಂಡು. ನೀಲಿ ಕೋಟು ಮಾತ್ರ ತೊಡಲಿಲ್ಲ, ಬಸ್ಸು ಹತ್ತಲಿಲ್ಲ.

ನಾನು ಸೈಕಲ್ಲು ನಿಲ್ಲಿಸಿದ ಕೂಡಲೇ ಅವಳು ಕೇಳುತ್ತಿದ್ದದ್ದು ಪ್ಲೇಟಿನ ವಿಷಯವಲ್ಲ. ಇವತ್ತು ಕ್ಯಾಂಟೀನಲ್ಲಿ ಏನು ಸಾಂಬಾರು ಎಂದು. ಬರೀ ನೀರು ಕಣಕ್ಕ, ಬಾಯಿಗೆ ಇಡೋಕಾಗಲ್ಲ ಅನ್ನುತ್ತಿದ್ದೆ. ಅದೂ ಸುಳ್ಳೇ. ಸಾಂಬಾರು ಚೆನ್ನಾಗಿರುತ್ತಿತ್ತು.